ಮೂರು ತಿಂಡಿ, ಏಳು ಬಿಲ್ಲು

ಬಲಿಪಾಡ್ಯಮಿ ಕಳೆದು ಮೂರು ದಿನವಾಯಿತು. ಹೋದ 175 ರೂಪಾಯಿಯ ಹೊಟ್ಟೆಯುರಿ ಇನ್ನೂ ಆರಿಲ್ಲ. ದೊಡ್ಡ ಮೊತ್ತವೇನಲ್ಲ ಬಿಡಿ. ಮಳೆಯ ದಿನ ಡೊಂಬಿವಲಿ ಸ್ಟೇಷನ್ನಿನಿಂದ ಮನೆಗೆ ಬರಲು ರಿಕ್ಷಾದವನು ಬಾಯಿಗೆ ಬಂದಷ್ಟು ಕೇಳುತ್ತಾನೆ, ಕೊಡುತ್ತೇವೆ. ಆದರೆ ಅವನು ದುಡ್ಡು ಕಿತ್ತುಕೊಂಡ ಮೇಲೆ "ನೀವು ಗೆದ್ದಿರಿ" ಅನ್ನುವುದಿಲ್ಲ, ಅಲ್ವಾ?

ಇದಕ್ಕೆಲ್ಲ ಕಾರಣ ಮೂರನೇ ಮಹಡಿಯ ಮಾಮ. ಮುಂಬಯಿಯ ಫೋರ್ಟಿನಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವರು. ಈ ವರ್ಷ ಮಗನ ಮನೆಗೆಂದು ಅಮೆರಿಕಕ್ಕೆ ಹೋದರು. ಲಾಸ್ ವೇಗಾಸ್ ನೋಡಿಕೊಂಡು ಬಂದರು. ಬಂದವರೇ, "ಹೌಸಿ, ತಂಬೋಲ ಎಲ್ಲ ಮಕ್ಕಳ ಆಟ ಮಾರಾಯ. ಈ ಸಲ ಹಬ್ಬಕ್ಕೆ ಕೀನೊ" ಅಂದರು. ಜೂಜಲ್ಲವೇ ಮಾಮ ಅಂದರೆ, "ಪಾಡ್ಯದ ದಿನ ಆಡಿದರೆ ಅದು ಶಾಸ್ತ್ರ" ಎಂಬ ಉತ್ತರ.

ಸೊಸೈಟಿಯ ಹೌಸಿ ಡಬ್ಬಿಯಲ್ಲಿ ತೊಂಬತ್ತು ಬಿಲ್ಲೆಗಳಿದ್ದವು. 81ರಿಂದ ಮೇಲಿನವನ್ನು ತೆಗೆದಿಟ್ಟರು. ಕೀನೊಗೆ ಎಂಬತ್ತೇ ಸಂಖ್ಯೆ. ಅದರಲ್ಲಿ ಇಪ್ಪತ್ತನ್ನು ಎತ್ತುತ್ತಾರೆ. ನಾವು ಮೊದಲೇ ಗುರುತು ಹಾಕಿದ್ದು ಬಂದರೆ ದುಡ್ಡು. ಅಷ್ಟೇ ಆಗಿದ್ದರೆ ನಾನು ಐದು ರೂಪಾಯಿ ಕಳೆದುಕೊಂಡು, ಚಕ್ಕುಲಿ ತಿಂದು, ಮನೆಗೆ ಬಂದು ಮಲಗುತ್ತಿದ್ದೆ.

ನಾನು ಎಂಟು ಸಂಖ್ಯೆ ಗುರುತು ಹಾಕಿ ಐದು ರೂಪಾಯಿ ಚಾಚಿದೆ. ಮಾಮ ನನ್ನ ಟಿಕೆಟು ನೋಡಿ ಲೊಚಗುಟ್ಟಿದರು. "ಬಿಡಿಬಿಡಿಯಾಗಿ ಎಂತ ಹಾಕುವುದು? ಕಾಂಬಿನೇಶನ್ ಮಾಡು." ನನ್ನ ಮಗಳ ಕಪ್ಪು ಕ್ರೇಯಾನ್ ಕಸಿದುಕೊಂಡರು. ವೇಗಾಸಿನಲ್ಲೂ ಕ್ರೇಯಾನೇ ಅಂತೆ. ಎರಡೆರಡು ಸಂಖ್ಯೆಗೆ ಒಂದರಂತೆ ನಾಲ್ಕು ಸುತ್ತು ಎಳೆದರು. ಒಂದು ಸುತ್ತು ಅಂದರೆ ಒಂದು ಗುಂಪು.

ನನಗೆ ಅರ್ಥವಾಗಲಿಲ್ಲ. ಕೇಳಿದ್ದೇ ತಪ್ಪಾಯಿತು.

"ನೋಡು, ಇಡ್ಲಿ, ವಡೆ, ಉಪ್ಪಿಟ್ಟು. ಬೇರೆ ಬೇರೆ ಕೊಟ್ಟರೆ ಮೂರು. ಇಡ್ಲಿ-ವಡೆ, ವಡೆ-ಉಪ್ಪಿಟ್ಟು, ಇಡ್ಲಿ-ಉಪ್ಪಿಟ್ಟು, ಇದು ಮೂರು. ಮೂರೂ ಒಂದೇ ಪ್ಲೇಟಿನಲ್ಲಿ, ಅದೊಂದು. ಎಷ್ಟಾಯಿತು?"

"ಏಳು."

"ಹಾಂ! ಮೂರು ಗುಂಪಿಗೆ ಏಳು. ಈಗ ಶೀರಾ ಸೇರಿಸು."

ಶೀರಾ ಸೇರಿಸಿದರು. ಇಡ್ಲಿ-ಶೀರಾ ಯಾರು ತಿನ್ನುತ್ತಾರೆ ಮಾಮ ಅಂದೆ. "ಗಿರಾಕಿ ಕೇಳಿದರೆ ಕೊಡಬೇಕು" ಅಂದರು. ಹಿಂದೆ ಟಿಕೆಟಿಗೆ ಕಾದು ನಿಂತವರಲ್ಲಿ ಇಬ್ಬರು ಹಸಿವಾಗಿ ಊಟಕ್ಕೆ ಎದ್ದು ಹೋದರು. ಮಾಮ ಮಾತ್ರ ಬೆರಳು ಮಡಚುತ್ತ ಹದಿನೈದಕ್ಕೆ ಬಂದು ನಿಂತರು. ಟಿಕೆಟಿನ ಅಂಚಿನಲ್ಲಿ 4/2, 6/4, 4/6, 1/8 ಎಂದು ಬಿಪಿ ಬರೆದ ಹಾಗೆ ಬರೆದರು. ಎರಡು ಸಂಖ್ಯೆಯ ಗುಂಪು ನಾಲ್ಕು, ಎರಡು ಗುಂಪು ಸೇರಿದ ನಾಲ್ಕರದು ಆರು, ಮೂರು ಸೇರಿದ ಆರರದು ನಾಲ್ಕು, ಎಲ್ಲ ಸೇರಿದ ಎಂಟರದು ಒಂದು.

"ಎಪ್ಪತ್ತೈದು ಕೊಡು."

"ಯಾಕೆ? ಟಿಕೆಟು ಒಂದೇ ಅಲ್ವಾ?"

"ಕಾಗದ ಒಂದು. ಆಟ ಹದಿನೈದು. ಒಂದಕ್ಕೆ ಐದು."

ಅಂದರೆ ತಿಂಡಿ ಮೂರೇ ಇದ್ದರೂ ಬಿಲ್ಲು ಏಳು ಪ್ಲೇಟಿಗೆ. ಇದನ್ನು ಶೀರಾ ಬರುವ ಮೊದಲೇ ಹೇಳಬಹುದಿತ್ತು.

ಬಿಲ್ಲೆ ಎತ್ತುವಾಗಲೆಲ್ಲ ಎಪ್ಪತ್ತೈದು. ಮೊದಲ ಸಲ ಸೊನ್ನೆ. ಎರಡನೆಯ ಸಲ ನನ್ನದೊಂದು ಜೋಡಿ ಬಂತು. ಜೋಡಿಗೆ ಹತ್ತು ಪಟ್ಟು ಎಂದು ಮಾಮನ ಕಾನೂನು. ಐವತ್ತು ರೂಪಾಯಿ ಕೈಗಿಟ್ಟು ಚಪ್ಪಾಳೆ ತಟ್ಟಿಸಿದರು. ಎಪ್ಪತ್ತೈದು ಕೊಟ್ಟು ಐವತ್ತು ಪಡೆದವನು ನಾನು, ಎದ್ದು ನಿಂತು ಕೈ ಮುಗಿದೆ! ಆ ಉಮೇದಿನಲ್ಲೇ ಮೂರನೆಯ ಸಲವೂ ಆಡಿದೆ. ಮತ್ತೆ ಸೊನ್ನೆ.

ಆಮೇಲೆ ಮಗಳು ಲೆಕ್ಕ ಹಾಕಿದಳು. ಹಿಡಿದ ಜೋಡಿ ಎರಡೂ ಬರುವುದು ಸುಮಾರು ಹದಿನೇಳು ಸಲಕ್ಕೆ ಒಮ್ಮೆ. ಮಾಮ ಕೊಡುವುದು ಹತ್ತು ಪಟ್ಟು. ಕ್ಯಾಂಟೀನ್ ಮೂವತ್ತು ವರ್ಷ ಸುಮ್ನೆ ನಡೆಯಲಿಲ್ಲ. ಹತ್ತು ಸಂಖ್ಯೆ ಹಿಡಿದು ಹತ್ತೂ ಬರಬೇಕಾದರೆ 89 ಲಕ್ಷಕ್ಕೆ ಒಮ್ಮೆಯಂತೆ. ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲಿನಲ್ಲಿ ಕಿಟಕಿ ಸೀಟು ಸಿಗುವುದು ಅದಕ್ಕಿಂತ ಸುಲಭ.

ಜೋಡಿ ಅಂದಾಗ ಅಪ್ಪ ನೆನಪಾದರು. ಪರೇಲಿನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಗಿರಣಿಗಳು ನಡೆಯುತ್ತಿದ್ದ ಕಾಲ, ಸುತ್ತಲೂ ಮಟ್ಕಾ ಎಂಬ ಅಂಕಿ ಜೂಜಿನ ಗುಂಗು. ನ್ಯೂಯಾರ್ಕಿನ ಹತ್ತಿ ದರದ ಮೇಲೆ ಪಂಥ ಕಟ್ಟುವುದರಿಂದ ಶುರುವಾದ ಆಟ ಅದು. ಅಪ್ಪನೂ ಬಿಲ್ ಬುಕ್ಕಿನ ಹಿಂದೆ ಓಪನ್ ಅಂಕಿ, ಕ್ಲೋಸ್ ಅಂಕಿ, ಎರಡೂ ಸೇರಿದ ಜೋಡಿ ಬರೆಯುತ್ತಿದ್ದರು. ಕೆಲವು ತಿಂಗಳು ಊರಿಗೆ ಮನಿಆರ್ಡರ್ ಕಡಿಮೆ ಬರುತ್ತಿತ್ತು. ಅಮ್ಮ ಯಾಕೆಂದು ಬರೆದು ಕೇಳುತ್ತಿರಲಿಲ್ಲ. ಅಂಚೆಯವನ ಮುಂದೆ ಎರಡು ಸಲ ಎಣಿಸುತ್ತಿದ್ದಳು, ಅಷ್ಟೇ.

ನಿನ್ನೆ ಲಿಫ್ಟಿನಲ್ಲಿ ಮಾಮ ಸಿಕ್ಕಿದರು. "ಬರುವ ವರ್ಷ ಐದು ಗುಂಪು ಮಾಡು ಮಾರಾಯ, ಮೂವತ್ತೊಂದಾಗುತ್ತದೆ" ಅಂದರು. ಕ್ರೇಯಾನ್ ಇನ್ನೂ ವಾಪಸ್ ಕೊಟ್ಟಿಲ್ಲ.

ಇವತ್ತು ಬೆಳಿಗ್ಗೆ ಮನೆಯಲ್ಲಿ ಇಡ್ಲಿ. "ಚಟ್ನಿನಾ, ಸಾಂಬಾರಾ, ಎರಡೂನಾ?" ಅಂತ ಹೆಂಡತಿ ಕೇಳಿದಳು.

"ಚಟ್ನಿ ಒಂದೇ ಸಾಕು" ಅಂದೆ.