ಮಾಡಿಗೆ ಹಂಚು, ಮೂಲೆಗೆ ತಾಮ್ರ

ಊರಲ್ಲಿ ತೊಟ್ಟಿಮನೆ ಕಟ್ಟಿಸುತ್ತಿರುವ ಗೆಳೆಯ ಮೊನ್ನೆ ಫೋನ್ ಮಾಡಿದ್ದ. "ಮಾಡಿಗೆ ಪೂರ್ತಿ ತಾಮ್ರ ಹೊದೆಸೋಣ ಅಂತಿದ್ದೀನಿ. ನಿಮ್ಮ ಜರ್ಮನಿಯಲ್ಲಿ ಎಲ್ಲ ಹಾಗೇ ಅಲ್ವಾ?" ಅಂದ. ಹಸಿರುಗಟ್ಟಿದ ತಾಮ್ರದ ಗೋಪುರಗಳ ಫೋಟೊ ನೋಡಿ ತಲೆಗೆ ಹತ್ತಿಸಿಕೊಂಡಿದ್ದಾನೆ.

ಅಲ್ಲ ಮಾರಾಯ. ನಾನಿರುವ ದಕ್ಷಿಣ ಜರ್ಮನಿಯಲ್ಲೂ ಪೂರ್ತಿ ತಾಮ್ರ ಜಾಸ್ತಿ ಕಾಣುವುದು ಚರ್ಚು, ಅರಮನೆಗಳ ಮೇಲೆ. ಹಳೆಯ ಮನೆಗಳಿಗೆ ಕೆಂಪು ಹಂಚು. ನಮ್ಮ ಕರಾವಳಿಯಲ್ಲೂ ಹೀಗೇ ತಾನೆ? ಎಷ್ಟೋ ಗರ್ಭಗುಡಿಗಳಿಗೆ ತಾಮ್ರದ ತಗಡು, ಮನೆಗೆ ಹಂಚು. ಆ ಹಂಚಿಗೂ ಇಲ್ಲಿಗೂ ನಂಟಿದೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್. ಸ್ವಿಟ್ಜರ್ಲೆಂಡಿನ ಆ ಬಾಸೆಲ್ ಊರು ಇಲ್ಲಿಂದ ಗಡಿ ದಾಟಿದರೆ ಸಿಗುತ್ತದೆ.

ಆದರೆ ಹಂಚಿನ ಮಾಡು ಸೋರುವುದು ಹಂಚಿನಲ್ಲಿ ಕಡಿಮೆ, ಸಂದಿನಲ್ಲಿ ಜಾಸ್ತಿ. ತೊಟ್ಟಿಮನೆಯಲ್ಲಿ ನಾಲ್ಕು ಮಾಡುಗಳು ಅಂಗಳದ ಕಡೆಗೆ ಇಳಿದು ನಾಲ್ಕು ಮೂಲೆಯಲ್ಲಿ ಕೂಡುತ್ತವೆ. ಎರಡೂ ಕಡೆಯ ಮಳೆ ಆ ಮೂಲೆಗೇ ನುಗ್ಗುತ್ತದೆ. ನಾವು ಅಲ್ಲಿಗೆ ತೆಳ್ಳಗಿನ ಜಿಐ ಶೀಟು, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು ಬಡಿದು, ತುಕ್ಕು ಹಿಡಿದಾಗ ಡಾಂಬರು ಮೆತ್ತಿ, ಮಳೆಗಾಲ ಬಂದರೆ ಕೆಳಗೆ ಬಕೆಟ್ ಇಡುತ್ತೇವೆ.

ಇಲ್ಲಿ ಹಂಚು ಹೊದೆಸುವವನೇ ಬೇರೆ, ತಗಡಿನ ಕೆಲಸದವನೇ ಬೇರೆ. ಈ ಸೀಮೆಯಲ್ಲಿ ಅವನಿಗೆ ಬ್ಲೆಶ್ನರ್ ಅನ್ನುತ್ತಾರೆ. ಪಕ್ಕದ ಮನೆಯ ಮೂಲೆಗೆ ತಾಮ್ರ ಹಾಕುವಾಗ ಸುಮ್ನೆ ನಿಂತು ನೋಡಿದೆ. 0.7 ಮಿಲಿಮೀಟರ್ ದಪ್ಪದ ತಗಡು. ಒಂದೇ ಒಂದು ಮೊಳೆಯೂ ಅದನ್ನು ತೂರಲಿಲ್ಲ. ಅಂಚು ಮಡಿಚಿದ, ಮಡಿಕೆಗೆ ಪುಟ್ಟ ತಾಮ್ರದ ಕೊಕ್ಕೆ ಸಿಕ್ಕಿಸಿದ, ಮೊಳೆಯನ್ನು ಆ ಕೊಕ್ಕೆಗೆ ಹೊಡೆದ. ಮೊಳೆಯೂ ತಾಮ್ರದ್ದೇ. 6 ಮೀಟರ್ ಉದ್ದದ ತಾಮ್ರ 50 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಬಿಗಿಯಾಗಿ ಜಡಿದರೆ ಅದು ಹೋಗುವುದಾದರೂ ಎಲ್ಲಿಗೆ? ಉಬ್ಬುತ್ತದೆ, ಕೊನೆಗೊಂದು ದಿನ ಬಿರಿಯುತ್ತದೆ.

ಅದಕ್ಕೇ ಪೂರ್ತಿ ಮಾಡಿಗೆ ತಾಮ್ರ ಅಂದರೆ ನನಗೆ ಅಳುಕು. ಮಡಿಕೆ ಹಾಕಲು ಬಾರದ ಕೈಗೆ ಸಿಕ್ಕಿದರೆ ತಾಮ್ರವೂ ಒಂದೇ, ಜಿಐ ಶೀಟೂ ಒಂದೇ. ದೇವಸ್ಥಾನದ ಮಾಡಿಗೆ ತಗಡು ಹೊದೆಸುವವರು ನಮ್ಮಲ್ಲಿದ್ದಾರೆ. ಅವರನ್ನೇ ಕರೆಸಿ ನಾಲ್ಕು ಮೂಲೆ ಮಾಡಿಸು ಅಂದೆ. ಜೊತೆಗೆ ಮಾಡಿನ ನೀರು ಹಿಡಿಯುವ ಕೆಳಗಿನ ದೋಣಿಯೂ ತಾಮ್ರವೇ ಆಗಲಿ. ತಾಮ್ರದ ಮೇಲೆ ಹರಿದ ನೀರು ಜಿಐ ದೋಣಿಗೆ ಬಿದ್ದರೆ ಸತುವನ್ನು ತಿಂದುಹಾಕುತ್ತದೆ.

ಇನ್ನೊಂದು ತಮಾಷೆ. ಇಲ್ಲಿ ಚಿಮಣಿಯ ಬುಡಕ್ಕೆ ತಾಮ್ರ ಸುತ್ತಿದ ಮನೆಗಳಿವೆ. ಹಂಚೆಲ್ಲ ಪಾಚಿಗಟ್ಟಿ ಕಪ್ಪಾಗಿದ್ದರೂ ಚಿಮಣಿಯ ಕೆಳಗೆ ಒಂದು ಪಟ್ಟಿ ಮಾತ್ರ ಚೊಕ್ಕವಾಗಿ ಕೆಂಪಗೆ ಉಳಿದಿರುತ್ತದೆ. ತಾಮ್ರ ತೊಳೆದು ಬಂದ ನೀರಿಗೆ ಪಾಚಿ ಬದುಕುವುದಿಲ್ಲ. ಮೈಲುತುತ್ತವೂ ತಾಮ್ರದ್ದೇ ಉಪ್ಪು; ಕೊಳೆ ಬರದಂತೆ ಅದನ್ನು ಅಡಿಕೆಗೆ ಹೊಡೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಹಾಗೆಂದು ಆ ನೀರನ್ನು ಮೀನು ಬಿಟ್ಟ ತೊಟ್ಟಿಗೆ ಹರಿಸಬಾರದು, ಅಷ್ಟೇ.

"ಹಸಿರು ಬರುತ್ತೋ ಇಲ್ವೋ?" ಅಂದ. ಬರುತ್ತದೆ. ಮೊದಲು ಕಂದು, ಆಮೇಲೆ ಕಪ್ಪುಗಂದು, ಹಸಿರಿಗೆ ವರ್ಷಗಟ್ಟಲೆ ಕಾಯಬೇಕು. ಸಮುದ್ರದ ಗಾಳಿ ತಾಗಿದರೆ ಸ್ವಲ್ಪ ಬೇಗ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಕೆಂಪು ಹಂಚಿನ ನಡುವೆ ನಾಲ್ಕು ಹಸಿರು ಗೆರೆ. ನನ್ನ ಕಣ್ಣಿಗೆ ಅದೇ ಚೆಂದ. ಅವನು ಹೂಂ ಅಂದ, ಆದರೆ ಗೋಪುರಗಳ ಫೋಟೊ ಕಳಿಸುವುದನ್ನು ಇನ್ನೂ ನಿಲ್ಲಿಸಿಲ್ಲ.