ಲೊಕೇಷನ್ ಕೇಳೋ ಮೊದಲು ಮೀನು ಯಾರದ್ದು ಅಂತ ಕೇಳಿ

ಗಾಳ ಹಿಡಿದು ಕೂತ ಫೋಟೋ ಹಾಕಿದ ಅರ್ಧ ಗಂಟೆಯೊಳಗೆ ಇನ್‌ಬಾಕ್ಸಿಗೆ ಬಂದೇ ಬರುವ ಮೆಸೇಜು: "ಅಣ್ಣಾ, ಲೊಕೇಷನ್ ಕಳ್ಸು." ಕಳಿಸಲ್ಲ. ಸೊಕ್ಕು ಅಂತ ಬೇಕಾದರೆ ಅಂದುಕೊಳ್ಳಿ. ಕೊಪ್ಪಳದಿಂದ ಬೆಳಗ್ಗೆ ಬೈಕಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ದೂರದ ಒಂದು ಕೆರೆ, ಅಷ್ಟು ಸಾಕು. ಯಾಕೆ ಕಳಿಸಲ್ಲ ಅನ್ನೋದನ್ನ ಮಾತ್ರ ಉದ್ದಕ್ಕೇ ಹೇಳ್ತೀನಿ. ಟೈಮ್ ಇದ್ದವರು ಓದಿ.

ಗಣಪತಿ ಕಳಿಸಿದ ಮೇಲೆ ಶುರುವಾದ ನಮ್ಮ ಸೀಸನ್ನು ಯುಗಾದಿ ಹೊತ್ತಿಗೆ ಮುಗೀತು. ಒಬ್ಬ ಬೈಕ್ ಮೆಕ್ಯಾನಿಕ್, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಗಂಗಾವತಿ ಕಡೆ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋ ಒಬ್ಬ, ಜೊತೆಗೆ ನಾನು. ಮಿಲ್ಲಿನವನಿಗೆ ಗಾಳ ಹಾಕೋದರಲ್ಲಿ ಆಸಕ್ತಿ ಕಡಿಮೆ, ಆದರೆ ತವುಡು ಅವನಿಂದಲೇ ಬರಬೇಕು. ಹುರಿದ ತವುಡು, ಪುಡಿ ಮಾಡಿದ ಶೇಂಗಾ ಹಿಂಡಿ, ಸ್ವಲ್ಪ ಬೆಲ್ಲ, ಹಿಡಿ ಗೋಧಿ ಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸಿದ ಉಂಡೆ ನಮ್ಮದು. ಮೆಕ್ಯಾನಿಕ್ ಇದಕ್ಕೆ ಏನೇನೋ ಎಸೆನ್ಸ್ ಹಾಕಬೇಕು ಅಂತ ಆನ್‌ಲೈನಿನಲ್ಲಿ ಬಾಟಲಿ ತರಿಸಿದ್ದ. ಆ ವಾಸನೆಗೆ ಮೀನು ಬಂತೋ ಇಲ್ಲವೋ, ಕೆರೆ ಏರಿ ಮೇಲಿನ ನಾಯಿಗಳಂತೂ ಬಂದವು.

ಮೊದಮೊದಲು ಹೋದಾಗಲೇ ಆ ಕೆರೆಯಲ್ಲಿ ಮೀನು ಸಾಕಿ ಹಿಡಿಯೋ ಟೆಂಡರ್ ಪಡೆದ ಮೀನುಗಾರರ ಸೊಸೈಟಿಯ ಹಿರಿಯರೊಬ್ಬರು ಏರಿ ಮೇಲೆ ನಿಂತು ನಮ್ಮನ್ನೇ ನೋಡ್ತಿದ್ದರು. ಓಡಿಸ್ತಾರೆ ಅನ್ಕೊಂಡ್ವಿ. ಹತ್ತಿರ ಬಂದು, "ಗಾಳ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಾಟ್ಲಾ, ರೋಹು ಬಿದ್ರ ವಾಪಸ್ ಬಿಡಬೇಕು ನೋಡ್ರಿ" ಅಂದರು. ನಮ್ಮ ಮೆಕ್ಯಾನಿಕ್ ಸುಮ್ಮನಿರೋ ಜನ ಅಲ್ಲ. "ಕೆರಿ ಸರ್ಕಾರದ್ದಲ್ಲೇನ್ರಿ ಕಾಕಾ?" ಅಂದ. ಕಾಕಾ ಸಿಟ್ಟಾಗಲಿಲ್ಲ. "ನೀರು ಸರ್ಕಾರದ್ದು ಹೌದಪಾ. ಮರಿ ನಾವು ರೊಕ್ಕ ಕೊಟ್ಟು ತಂದು ಬಿಟ್ಟೀವಿ."

ನನ್ನ ವಾದ ಪೂರ್ತಿ ನಿಂತಿರೋದು ಆ ಮಾತಿನ ಮೇಲೆಯೇ.

ಕೆರೆ ಮೀನು ಅಂದರೆ ಮಳೆಗೆ ಹುಲ್ಲು ಹುಟ್ಟಿದ ಹಾಗೆ ತಾನೇ ಹುಟ್ಟುತ್ತೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ನಿಂತ ನೀರಿನಲ್ಲಿ ಮೊಟ್ಟೆ ಇಡಲ್ಲ. ಅವಕ್ಕೆ ಮಳೆಗಾಲದ ಹೊಸ ನೀರು, ಹರಿಯೋ ಹೊಳೆ ಬೇಕು. ಹಿಂದೆ ಮರಿ ಬೇಕಾದರೆ ನದಿಯಲ್ಲೇ ಸೋಸಿ ಹಿಡೀಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಮೀನಿನ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ರಸವನ್ನ ಇಂಜೆಕ್ಷನ್ ಮಾಡಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಕೇಂದ್ರಗಳಲ್ಲಿ ತಯಾರಾಗೋಕೆ ದಾರಿಯಾಯ್ತು. ಜುಲೈ 10ನ್ನ ಮೀನು ಕೃಷಿಕರ ದಿನ ಅಂತ ದೇಶವೇ ಆಚರಿಸೋದು ಅದಕ್ಕೇ. ಈಗ ಕೆರೆ ಹಿಡಿದವರು ಮಳೆಗಾಲದಲ್ಲಿ ಮರಿ ಖರೀದಿಸಿ ತಂದು ಬಿಡ್ತಾರೆ. ಬಿತ್ತನೆ ಅಂತಲೇ ಅದಕ್ಕೆ ಹೆಸರು. ಅಂದಮೇಲೆ ನನ್ನ ಗಾಳಕ್ಕೆ ಬಿದ್ದ ಒಂದೂವರೆ ಕೆಜಿ ರೋಹು ಪ್ರಕೃತಿ ನನಗೆ ಕೊಟ್ಟ ಕೊಡುಗೆ ಆಗೋದು ಹೇಗೆ? ಅದು ಒಬ್ಬರು ಸಾಲ ಮಾಡಿ ಬಿತ್ತಿದ್ದು. ಮೇಲಿಂದ ಟೆಂಡರ್ ಹಣ, ಕಾವಲು, ಬಲೆ ರಿಪೇರಿ. ಹೊಲದಂಚಿನಲ್ಲಿ ನಡೀತಾ ಹೋಗೋನು ಒಂದು ಹಿಡಿ ಕಡಲೆಗಿಡ ಕಿತ್ತು ತಿಂದರೆ ರೈತ ನಗ್ತಾನೆ. ಕಾರ್ ತಂದು ಡಿಕ್ಕಿ ತುಂಬಿಸಿಕೊಂಡರೆ ನಗ್ತಾನಾ?

ಕಾಕಾ ಮಾತು ಒಪ್ಪಿಕೊಂಡ ಮೇಲೆ ನಮ್ಮ ಆಟದ ರುಚಿ ಜಾಸ್ತಿ ಆಯ್ತು ಅಂದರೆ ನಂಬಿ. ಯಾವ ಮೀನು ಬೇಡ ಅಂತ ಗೊತ್ತಾದರೆ ಅದು ಎಲ್ಲಿರುತ್ತೆ ಅಂತಲೂ ತಿಳ್ಕೋಬೇಕಾಗುತ್ತೆ. ಕಾಟ್ಲಾ ಮೇಲ್ನೀರಿನ ಮೀನು, ಬಾಯಿಯೇ ಮೇಲ್ಮುಖ ಇರುತ್ತೆ. ರೋಹು ನಡುನೀರಿಂದು. ಮೃಗಾಲ್ ತಳದ ಕೆಸರು ಕೆದಕಿ ತಿನ್ನೋದು. ಒಂದೇ ಕೆರೆಗೆ ಮೂರನ್ನೂ ಬಿಡೋದರ ಗುಟ್ಟೇ ಇದು, ಒಂದರ ತಟ್ಟೆಗೆ ಇನ್ನೊಂದು ಕೈ ಹಾಕಲ್ಲ. ನೀರಿನ ಮೇಲೆ ತೇಲೋ ಬೆಂಡನ್ನ ದಾರದಲ್ಲಿ ಗೇಣು ಮೇಲೆ ಕೆಳಗೆ ಸರಿಸಿದರೆ ಗಿರಾಕಿಯೇ ಬದಲಾಗ್ತಾನೆ. ಬೆಂಡು ಸುಮ್ಮನೆ ಒಂದು ಕಡೆ ಜಾರುತ್ತಾ ಹೋಗೋದು, ಟಕ್ ಟಕ್ ಅಂತ ಕುಣಿಯೋದು, ಒಮ್ಮೆಲೇ ಮುಳುಗೋದು, ಬಿದ್ದಲ್ಲೇ ಅಡ್ಡ ಮಲಗೋದು, ಒಂದೊಂದಕ್ಕೂ ಒಂದೊಂದು ಅರ್ಥ. ಬೆಂಡು ಅಡ್ಡ ಮಲಗಿತು ಅಂದರೆ ಕೆಳಗಿನವನು ಉಂಡೆಯನ್ನ ಸೀಸದ ಗುಂಡು ಸಮೇತ ಮೇಲಕ್ಕೆತ್ತಿದ್ದಾನೆ ಅಂತ ಮೇಷ್ಟ್ರು ಕಪ್ಪುಹಲಗೆ ಮುಂದೆ ನಿಂತವರ ಹಾಗೆ ವಿವರಿಸ್ತಾರೆ. ಅವರ ವಿವರಣೆ ಮುಗಿಯೋದರೊಳಗೆ ಉಂಡೆ ಖಾಲಿ ಆಗಿರುತ್ತೆ.

ಇನ್ನು ಜಿಲೇಬಿ. ತಿನ್ನೋ ಜಿಲೇಬಿ ಅಲ್ಲ, ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನ 1952ರಲ್ಲಿ ದೇಶಕ್ಕೆ ತಂದರು. ಇದಕ್ಕೆ ಹೊಳೆ ಬೇಡ, ಇಂಜೆಕ್ಷನ್ ಬೇಡ, ಯಾರ ಹಂಗೂ ಬೇಡ. ತಾಯಿ ಮೊಟ್ಟೆಯನ್ನ ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತೆ, ಅಪಾಯ ಕಂಡರೆ ಮರಿಗಳು ವಾಪಸ್ ತಾಯಿ ಬಾಯೊಳಗೇ ನುಗ್ತವೆ. ಸಣ್ಣದಿರುವಾಗಲೇ ಮೊಟ್ಟೆ ಶುರು. ಸಂಖ್ಯೆ ಬೆಳೆದಷ್ಟು ಗಾತ್ರ ಬೆಳೆಯಲ್ಲ. ಅಂಗೈ ಅಗಲದ ಜಿಲೇಬಿ ಕೆರೆ ತುಂಬಿ, ಕಾಕಾ ಬಿಟ್ಟ ಮರಿಗಳ ಮೇವಿಗೆ ಕುತ್ತು. ಹಾಗಾಗಿ ಅದನ್ನ ನಾವು ಎಷ್ಟು ಹಿಡಿದರೂ ಸೊಸೈಟಿಯವರಿಗೆ ಖುಷಿಯೇ. ಎರೆಹುಳು ಸಿಕ್ಕಿಸಿದ ಸಣ್ಣ ಗಾಳ, ಮೊಣಕಾಲು ನೀರು, ದಂಡೆಯ ಜೊಂಡಿನ ಪಕ್ಕ. ಎಂಟು ವರ್ಷದ ಹುಡುಗನೂ ಹಿಡೀತಾನೆ. ದೊಡ್ಡ ಮೀನಿನ ಫೋಟೋ ಬೇಕು ಅನ್ನೋರಿಗೆ ಇದು ಅವಮಾನ. ಬೆನ್ನುಮುಳ್ಳು ಚುಚ್ಚಿದರೆ ಗೊತ್ತಾಗುತ್ತೆ ಯಾರಿಗೆ ಅವಮಾನ ಅಂತ. ಪೊರೆ ತೆಗೆದು, ಎರಡೂ ಮಗ್ಗುಲಿಗೆ ಕೊಯ್ದು, ಖಾರಪುಡಿ, ಹುಣಸೆಹುಳಿ, ಉಪ್ಪು ಮೆತ್ತಿ ಹಂಚಿನ ಮೇಲೆ ಹುರಿದರೆ ಜೋಳದ ರೊಟ್ಟಿ ಜೊತೆ ಇದಕ್ಕೆ ಸಮ ಯಾವುದೂ ಇಲ್ಲ. ಇದು ನನ್ನ ಅಭಿಪ್ರಾಯ, ಬಾಳೆಮೀನಿನ ಅಭಿಮಾನಿಗಳು ಜಗಳಕ್ಕೆ ಬರಬಹುದು.

ಕೊರಮೀನಿನ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಅದರ ಮರಿಗಳು ಕೆಂಪುಕೆಂಪಾಗಿ ಒಂದೇ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಆಡ್ತಿರ್ತವೆ, ಕೆಳಗೆ ತಂದೆ ತಾಯಿ ಕಾವಲು. ಆ ಗುಂಪಿನ ನಡುವೆ ರಬ್ಬರ್ ಕಪ್ಪೆ ಎಸೆದರೆ ದೊಡ್ಡ ಮೀನು ಹಸಿವಿಗಲ್ಲ, ಮರಿ ಉಳಿಸೋಕೆ ಹಾರಿ ಕಚ್ಚುತ್ತೆ. ಯೂಟ್ಯೂಬಿನಲ್ಲಿ ಇದನ್ನೇ ಟೆಕ್ನಿಕ್ ಅಂತ ಕಲಿಸ್ತಾರೆ, ಲಕ್ಷಗಟ್ಟಲೆ ಜನ ನೋಡ್ತಾರೆ. ಕಾವಲಿಗಿದ್ದ ಮೀನು ಹೋದರೆ ಆ ಕೆಂಪು ಗುಂಪು ಬೇರೆ ಮೀನಿಗೆ, ಕೊಕ್ಕರೆಗೆ ಊಟ. ಇದರಲ್ಲಿ ಯಾವ ಕೈಚಳಕ? ಕೊರಮೀನಿಗೆ ಮಾರ್ಕೆಟ್ಟಿನಲ್ಲಿ ರೇಟು ಜಾಸ್ತಿ, ಗಾಳಿಯನ್ನೂ ಉಸಿರಾಡೋದರಿಂದ ಜೀವಂತ ಮಾರಬಹುದು, ಎಲ್ಲ ಗೊತ್ತು. ಹೊಟ್ಟೆಪಾಡಿಗೆ ಹಿಡಿಯೋರ ಬಗ್ಗೆ ನಾನು ಮಾತಾಡ್ತಿಲ್ಲ. ಸಂಬಳ ಬರೋ ನಮ್ಮಂಥವರು ರಜೆ ದಿನ ಮಾಡೋ ಕೆಲಸ ಇದಲ್ಲ ಅಂತೀನಿ.

ಹಿಡಿದದ್ದನ್ನೆಲ್ಲ ವಾಪಸ್ ಬಿಡೋದು ದೊಡ್ಡ ಧರ್ಮ ಅಂತ ಇನ್ನೊಂದು ಗುಂಪಿದೆ. ಅದೂ ವಿಡಿಯೋದಿಂದ ಬಂದ ಬುದ್ಧಿಯೇ. ಜಿಲೇಬಿ ಹಿಡಿದು ಮುತ್ತಿಟ್ಟು ಬಿಟ್ಟರೆ ಕೆರೆಗೆ ಏನು ಉಪಕಾರ? ಆಫ್ರಿಕನ್ ಕ್ಯಾಟ್‌ಫಿಶ್ ಬಿದ್ದರಂತೂ ಬಿಡಲೇಬಾರದು. ಸಿಕ್ಕಿದ ಮೀನನ್ನೆಲ್ಲ ನುಂಗೋ ಇದರ ಸಾಕಣೆಯನ್ನ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ, ಆದರೂ ಎಲ್ಲೆಲ್ಲೋ ಕಾಣಿಸ್ಕೊಳ್ಳುತ್ತೆ. ಬಿಡಬೇಕಾದದ್ದು ಬಿತ್ತಿದ ಮೀನು. ಅದನ್ನ ಬಿಡೋದಕ್ಕೂ ರೀತಿ ಇದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಆಮೇಲೆ ಬೂಸ್ಟು ಹಿಡಿದು ಸಾಯಬಹುದು. ಗಾಳದ ಒಳಮುಳ್ಳನ್ನ ಪಕ್ಕಡಿನಿಂದ ಒತ್ತಿ ಸಪಾಟು ಮಾಡಿಟ್ಟರೆ ತುಟಿ ಹರಿಯಲ್ಲ. ಈ ಕೆಲಸ ಮೆಕ್ಯಾನಿಕ್‌ನದೇ. ಬಾಯಲ್ಲಿ ಎಷ್ಟು ವಾದ ಮಾಡಿದರೂ ಕೈಯಲ್ಲಿ ಮಾತ್ರ ನಮ್ಮೆಲ್ಲರಿಗಿಂತ ನಾಜೂಕು.

ನಡುವೆ ತುಂಗಭದ್ರೆಯ ಹಿನ್ನೀರಿಗೂ ಹೋಗಿ ಬಂದ್ವಿ, ಮುನಿರಾಬಾದ್, ಹುಲಿಗಿ ದಾಟಿ ಮೇಲಕ್ಕೆ. ಕೆರೆ ನೋಡಿದ ಕಣ್ಣಿಗೆ ಅದು ಸಮುದ್ರ. 1953ರಲ್ಲಿ ಮುಗಿದ ಡ್ಯಾಮು, 33 ಗೇಟು, ಕಟ್ಟುವಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದದ್ದು, ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ಗೇಟಿನ ಜಾಗ ಮುಚ್ಚೋ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿದ್ದು ಈ ಭಾಗದ ಯಾರೂ ಮರೆಯಲ್ಲ. 2025ರಲ್ಲಿ ಗೇಟುಗಳ ಭಯಕ್ಕೆ 80 ಟಿಎಂಸಿ ಮೇಲೆ ನಿಲ್ಲಿಸಲಿಲ್ಲ, ಎರಡನೇ ಬೆಳೆಗೆ ನೀರಿಲ್ಲ ಅಂದರು. ಹೊಲ ಒಣಗಿಸಿಕೊಂಡು ಕೂತ ರೈತರ ಮುಂದೆ ರಾಡು, ರೀಲು ಹೊತ್ಕೊಂಡು ಹೋಗೋಕೆ ಒಂಥರಾ ಮುಜುಗರ. ಗಾಳದ ಲೆಕ್ಕದಲ್ಲಿಯೂ ಹಿನ್ನೀರು ನಮ್ಮ ಕೈಗೆ ಹತ್ತಲಿಲ್ಲ. ಗಾಳಿಗೆ ದಾರ ನಿಲ್ಲಲ್ಲ, ತೆಪ್ಪದವರು ಬಿಟ್ಟ ಬಲೆ ಎಲ್ಲಿದೆ ಅಂತ ಕಾಣಲ್ಲ, ಅವರ ಬಲೆಗೆ ನಮ್ಮ ಗಾಳ ಸಿಕ್ಕರೆ ಹರಿಯೋದು ಅವರ ಅನ್ನ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನ ನೋಡ್ತಾ ಮಂಡಾಳ ವಗ್ಗರಣಿ, ಮಿರ್ಚಿ ತಿಂದು ಬಂದದ್ದೇ ಲಾಭ.

ಡ್ಯಾಮಿನ ಕೆಳಗೆ ಹೊಳೆಗೆ ಹೋಗೋಣ, ಬಂಡೆಗಳ ನಡುವೆ ದೊಡ್ಡ ಮೀನಿವೆ ಅಂತ ಮಿಲ್ಲಿನವನು ಸುಮಾರು ಸಲ ಒತ್ತಾಯಿಸಿದ. ಅಲ್ಲಿ ಮಾತ್ರ ನಾವ್ಯಾರೂ ಬಗ್ಗಲಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ನೀರುನಾಯಿ ಬದುಕೋದೇ ಆ ಮೀನಿನ ಮೇಲೆ. 1897ರ ಮೀನುಗಾರಿಕೆ ಕಾಯ್ದೆ ಕಾಲದಿಂದ ಅಪರಾಧವಾದ ಸಿಡಿಮದ್ದು ಹಾಕಿ ಮೀನು ಹಿಡಿಯೋ ಚಾಳಿ ಇವತ್ತಿಗೂ ಪೂರ್ತಿ ನಿಂತಿಲ್ಲ. ಅವುಗಳಿಗೆ ಇರೋ ಕಾಟ ಸಾಲದಾ, ಹವ್ಯಾಸಿಗಳೂ ಸೇರಬೇಕಾ?

ಹೊಸದಾಗಿ ಶುರು ಮಾಡೋರು ಕೇಳೋ ಇನ್ನೊಂದು ಪ್ರಶ್ನೆ, ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೀತಿವೆ, ಆದರೂ ಗಾಳ ಮುಟ್ಟಲ್ಲ, ಯಾಕೆ? ಪಾಚಿ ಹೆಚ್ಚಾದ ಹಸಿರು ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಎಳ್ಕೊಳ್ಳುತ್ತೆ, ಬಿಸಿಲು ಬೀಳೋವರೆಗೆ ವಾಪಸ್ ಕೊಡಲ್ಲ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಕಮ್ಮಿ. ಅವು ಬಾಯಿ ತೆರೆದದ್ದು ಉಸಿರಿಗೆ, ಊಟಕ್ಕಲ್ಲ. ಮೋಡ ಮುಚ್ಚಿದ ದಿನ ಇನ್ನೂ ಕಷ್ಟ. ಅಂಥದ್ದು ಕಂಡರೆ ಗಾಳ ಸುತ್ತಿಟ್ಟು ಕೆರೆಯವರಿಗೆ ಫೋನ್ ಮಾಡಿ, ಅವರು ಮೀನು ಸಾಯೋ ಮೊದಲು ಏನಾದರೂ ಮಾಡ್ಕೋತಾರೆ. ನಮ್ಮ ನಾಲ್ಕು ಕಣ್ಣು ಅವರ ಕಾವಲಿಗೆ ಹೀಗಾದರೂ ಒದಗಲಿ.

ಕೆರೆಗೆ ಇಳಿಯೋ ಮಾತಂತೂ ಬೇಡ. ಹೂಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣಲ್ಲ, ಮೊಣಕಾಲುದ್ದ ಅಂತ ಇಟ್ಟ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಹೋಗುತ್ತೆ. ದಾರ ಸಿಕ್ಕಿಹಾಕಿಕೊಂಡರೆ ಕಡೀರಿ, ಬಿಡಿಸೋಕೆ ಹೋಗಬೇಡಿ. ದಂಡೆಯಲ್ಲಿ ತುಂಡಾದ ನೈಲಾನ್ ದಾರ ಮಾತ್ರ ಒಂದು ಗೇಣೂ ಬಿಟ್ಟು ಬರಬೇಡಿ. ಕೊಕ್ಕರೆ ಕಾಲಿಗೆ ಸುತ್ತಿಕೊಂಡರೆ ಅದು ಕಳಚಲ್ಲ, ಕೊಳೆಯೋದೂ ಇಲ್ಲ. ಹಿರೇಹಳ್ಳವನ್ನ ಗವಿಮಠದ ಸ್ವಾಮೀಜಿ 2019ರಲ್ಲಿ ಜನರನ್ನ ಕಟ್ಟಿಕೊಂಡು ಹೂಳೆತ್ತಿಸಿ ಸ್ವಚ್ಛ ಮಾಡಿಸಿದ ಜಿಲ್ಲೆ ಇದು. ನೀರಿನ ದಂಡೆ ಮೇಲೆ ಬಾಟಲಿ ಒಡೆದು ಬರೋಕೆ ನಾಚಿಕೆ ಆಗಬೇಕು.

ಹವ್ಯಾಸಕ್ಕೂ ದುಡ್ಡು ಕೊಡಬೇಕಾ ಅಂತ ಕೇಳಿದರೆ, ಹೌದು, ಕೊಡಬೇಕು ಅಂತೀನಿ. ದೊಡ್ಡ ಕೆರೆ ಮೀನುಗಾರಿಕೆ ಇಲಾಖೆಯದ್ದು, ಸಣ್ಣದು ಗ್ರಾಮ ಪಂಚಾಯಿತಿಯದ್ದು, ಟೆಂಡರ್ ಯಾರಿಗಾಗಿದೆ ಅಂತ ಊರಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಅವರ ಹತ್ತಿರ ಹೋಗಿ ಒಪ್ಪಿಗೆ ಕೇಳಿ. ದಿನಕ್ಕೆ ಇಷ್ಟು ಅಂತ ಚೀಟಿ ಹರಿದು ಕೊಡೋ ಪದ್ಧತಿ ಸೊಸೈಟಿಗಳೇ ಶುರು ಮಾಡಿದರೆ ಇನ್ನೂ ಒಳ್ಳೇದು, ಅವರಿಗೆ ಬಲೆ ಎಳೆಯದ ದಿನಗಳಲ್ಲೂ ನಾಲ್ಕು ಕಾಸು ಬರುತ್ತೆ. ಕ್ರಿಕೆಟ್ ಟರ್ಫಿಗೆ ತಾಸಿನ ಬಾಡಿಗೆ ಕೊಡೋರು ಕೆರೆಗೆ ಬಂದಾಗ ಮಾತ್ರ ಯಾಕೆ ಸರ್ಕಾರದ ಮಕ್ಕಳಾಗ್ತೀವಿ? ಲೊಕೇಷನ್ ಶೇರ್ ಆದರೆ ಬರೋರು ಕಾಕಾನನ್ನ ಹುಡುಕಲ್ಲ, ನೇರ ದಂಡೆಗೆ ಇಳೀತಾರೆ.

ಮೆಕ್ಯಾನಿಕ್ ಇದನ್ನ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಚೀಟಿ ಅಂತ ಶುರುವಾದರೆ ನಾಳೆ ದಂಡೆಯಲ್ಲಿ ಎಮ್ಮೆ ತೊಳೆಯೋ ಮುದುಕನಿಗೂ, ಎರೆಹುಳು ಹಿಡಿದು ಬರೋ ಊರ ಹುಡುಗರಿಗೂ ಚೀಟಿ ಕೇಳ್ತಾರೆ ಅನ್ನೋದು ಅವನ ತಕರಾರು. ತೆಗೆದುಹಾಕೋ ಮಾತಲ್ಲ ಅದು. ಊರವರಿಗೆ ಬೇಡ, ಹೊರಗಿಂದ ಬರೋ ನಮ್ಮಂಥವರಿಗೆ ಇರಲಿ ಅಂತ ನಾನಂದೆ. ಹೊರಗಿನವನು ಯಾರು ಅಂತ ಯಾರು ತೀರ್ಮಾನ ಮಾಡೋದು ಅಂತ ಅವನಂದ. ಮಾತು ಅಲ್ಲಿಗೇ ನಿಂತಿದೆ.

ಮಳೆ ಬಿದ್ದು ಕೆರೆಗೆ ನೀರು ಬಂದ ಮೇಲೆ ಈ ಸಲ ಮರಿ ಬಿಡೋ ದಿನ ನಮ್ಮನ್ನೂ ಕರೀತೀನಿ ಅಂದಿದ್ದಾರೆ ಕಾಕಾ. ಆಕ್ಸಿಜನ್ ತುಂಬಿದ ಪಾಲಿಥಿನ್ ಚೀಲಗಳಲ್ಲಿ ಮರಿ ಬರುತ್ತಂತೆ. ಬಂದ ತಕ್ಷಣ ಸುರಿಯೋ ಹಾಗಿಲ್ಲ, ಚೀಲವನ್ನ ಸ್ವಲ್ಪ ಹೊತ್ತು ಕೆರೆ ನೀರಿನಲ್ಲೇ ತೇಲಿಸಿಟ್ಟು ಒಳಗಿನ ನೀರು ಹೊರಗಿನ ನೀರಿನಷ್ಟೇ ತಂಪಾದ ಮೇಲೆ ಬಾಯಿ ಬಿಚ್ಚಬೇಕು. ಮರಿ ತರೋ ಪಿಕಪ್ ಗಾಡಿ ಬಾಡಿಗೆ ನಮ್ಮ ನಾಲ್ವರದ್ದು ಅಂತ ಒಪ್ಪಿಕೊಂಡಿದ್ದೀವಿ. ಮೂವರ ಪಾಲು ಮೇಷ್ಟ್ರ ಹತ್ತಿರ ಜಮೆ ಆಗಿದೆ. ಮೆಕ್ಯಾನಿಕ್‌ದು ಬಾಕಿ.