ಪಿಎಚ್‌ಪಿ ಮ್ಯಾನುಯಲ್‌ನ ಆ ಒಂದು ಸಾಲು

ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ ಭಾಷೆ ಅಂದರೆ ಮೂಗು ಮುರಿಯುವವರೇ ಜಾಸ್ತಿ. ಬೈಯೋಕೆ ಕಾರಣಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅರೇ (ಹಲವು ವ್ಯಾಲ್ಯೂಗಳನ್ನು ಒಂದೇ ಹೆಸರಿನಡಿ ಇಡುವ ರಚನೆ) ಬಗ್ಗೆ ನಾನು ಓದಿದ ಡಾಕ್ಯುಮೆಂಟೇಶನ್ ಪುಟಗಳಲ್ಲಿ ತುಂಬ ಇಷ್ಟವಾದದ್ದು ಇದೇ ಪಿಎಚ್‌ಪಿ ಮ್ಯಾನುಯಲ್‌ನದು. ಪುಟದ ಶುರುವಿನಲ್ಲೇ ಹೇಳಿಬಿಡುತ್ತದೆ: ಪಿಎಚ್‌ಪಿಯ ಅರೇ ನಿಜವಾಗಿ ಒಂದು ಆರ್ಡರ್ಡ್ ಮ್ಯಾಪ್. ಅಂದರೆ ಪ್ರತಿ ಕೀಗೂ (ಹುಡುಕಲು ಬಳಸುವ ಗುರುತಿಗೂ) ಒಂದು ವ್ಯಾಲ್ಯೂ, ಹಾಕಿದ ಕ್ರಮ ಹಾಗೇ ಉಳಿಯುತ್ತದೆ.

ಇದರಲ್ಲೇನು ದೊಡ್ಡ ವಿಷಯ ಅಂತೀರಾ? ಕಾಲೇಜಿನಲ್ಲಿ ಸಿ ಭಾಷೆ ಕಲಿತು ಬಂದವರ ತಲೆಯಲ್ಲಿರುವ ಚಿತ್ರವೇ ಬೇರೆ. ಒಂದೇ ಅಳತೆಯ ಡಬ್ಬಗಳು ಮೆಮೊರಿಯಲ್ಲಿ ಪಕ್ಕಪಕ್ಕ ಕೂತಿವೆ, ನಂಬರ್ ಸೊನ್ನೆಯಿಂದ. ಒಂದು ಇಂಟ್‌ಗೆ (ಪೂರ್ಣಾಂಕಕ್ಕೆ) 4 ಬೈಟ್ ಆದರೆ, ಇಂಡೆಕ್ಸ್ 3ರಲ್ಲಿರುವುದು ಶುರುವಿನಿಂದ 12 ಬೈಟ್ ಆಚೆ. ಸಿಗೆ ಈ ಚಿತ್ರ ಸರಿ. ಅದನ್ನೇ ಹೊತ್ತುಕೊಂಡು ಪಿಎಚ್‌ಪಿಗೆ ಬಂದರೆ ಎಡವುವುದು ಗ್ಯಾರಂಟಿ.

ಒಂದು ಅರೇಯಲ್ಲಿ ಮೂರು ಹೆಸರುಗಳಿವೆ ಅಂದುಕೊಳ್ಳಿ. ಕೀಗಳು 0, 1, 2. ನಡುವಿನದನ್ನು ಅನ್‌ಸೆಟ್ ಮಾಡಿದರೆ, ಅಂದರೆ ತೆಗೆದುಹಾಕಿದರೆ, ಉಳಿಯುವ ಕೀಗಳು 0 ಮತ್ತು 2. ಹಿಂದಿನದು ಮುಂದೆ ಸರಿದು ಜಾಗ ತುಂಬುವುದಿಲ್ಲ. ಈಗ ಕೌಂಟ್ ಕೇಳಿದರೆ 2 ಅನ್ನುತ್ತದೆ. ಅದನ್ನು ನಂಬಿ ಸೊನ್ನೆಯಿಂದ ಲೂಪ್ ಓಡಿಸಿದರೆ 1 ಇಲ್ಲವೆಂದು ವಾರ್ನಿಂಗ್ ಬರುತ್ತದೆ, 2ರಲ್ಲಿರುವ ಹೆಸರು ಕೈಗೇ ಸಿಗುವುದಿಲ್ಲ. ಇದಕ್ಕಿಂತ ಕಾಟ ಕೊಡುವುದು ಜೇಸನ್ (JSON), ಅಂದರೆ ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಡೇಟಾ ಕಳಿಸುವ ಪಠ್ಯರೂಪ. ಇದೇ ಅರೇಯನ್ನು ಮೊದಲು ಕಳಿಸಿದಾಗ ಚೌಕ ಬ್ರಾಕೆಟ್‌ನ ಲಿಸ್ಟ್ ಆಗಿ ಹೋಗಿರುತ್ತದೆ. ಒಂದು ಹೆಸರು ತೆಗೆದ ಮೇಲೆ ಕರ್ಲಿ ಬ್ರಾಕೆಟ್‌ನ ಆಬ್ಜೆಕ್ಟ್ ಆಗಿ ಹೋಗುತ್ತದೆ. ಆ ಕಡೆ ಮೊಬೈಲ್ ಆ್ಯಪ್ ಮಾಡುತ್ತಿರುವವರು ‘ನಿನ್ನೆವರೆಗೂ ಚೆನ್ನಾಗೇ ಇತ್ತಲ್ವಾ’ ಅಂತ ಫೋನ್ ಮಾಡುತ್ತಾರೆ. ಅರೇ_ವ್ಯಾಲ್ಯೂಸ್ ಫಂಕ್ಷನ್ ಹಾಕಿದರೆ ನಂಬರ್ ಮತ್ತೆ ಸೊನ್ನೆಯಿಂದ ಸಾಲಾಗುತ್ತದೆ, ಅಷ್ಟೇ ಪರಿಹಾರ. ಆದರೆ ಆ ಮೊದಲ ಸಾಲನ್ನು ಅರ್ಥ ಮಾಡಿಕೊಂಡವರಿಗೆ ಇದು ವಿಚಿತ್ರ ಅನಿಸುವುದೇ ಇಲ್ಲ. ಮ್ಯಾಪ್‌ನಿಂದ ಒಂದು ಕೀ ತೆಗೆದರೆ ಉಳಿದ ಕೀಗಳು ಯಾಕೆ ಬದಲಾಗಬೇಕು?

ಆ ಪುಟ ತನ್ನ ಭಾಷೆಯ ಹುಳುಕನ್ನೂ ಮುಚ್ಚಿಡುವುದಿಲ್ಲ. 1, ಸ್ಟ್ರಿಂಗ್ ಆಗಿ ಬರೆದ 1, 1.5 ಮತ್ತು ಟ್ರೂ, ಈ ನಾಲ್ಕನ್ನೂ ಕೀ ಮಾಡಿ ಒಂದು ಅರೇ ಕಟ್ಟಿ ತೋರಿಸುತ್ತದೆ. ನಾಲ್ಕೂ 1 ಆಗಿಬಿಡುತ್ತವೆ. ಕೊನೆಗೆ ಉಳಿಯುವುದು ಒಂದೇ ವ್ಯಾಲ್ಯೂ, ಕೊನೆಯದ್ದು. ನಗು ಬರುತ್ತದೆ ನಿಜ, ಆದರೆ ಒಮ್ಮೆ ನೋಡಿದವರು ಮರೆಯುವುದಿಲ್ಲ.

ಪೈಥಾನ್ ಡಾಕ್ಯುಮೆಂಟೇಶನ್ ಒಟ್ಟಾರೆ ಇದಕ್ಕಿಂತ ಚೆಂದ. ಆದರೆ ಟ್ಯುಟೋರಿಯಲ್‌ನ ಡೇಟಾ ಸ್ಟ್ರಕ್ಚರ್ಸ್ ಅಧ್ಯಾಯ ಶುರುವಾಗುವುದೇ ಲಿಸ್ಟ್‌ನ (ಅಲ್ಲಿ ಅರೇಯ ಕೆಲಸ ಮಾಡುವುದು ಇದೇ) ಮೆಥಡ್‌ಗಳ ಪಟ್ಟಿಯಿಂದ. ಅಪೆಂಡ್, ಎಕ್ಸ್‌ಟೆಂಡ್, ಇನ್ಸರ್ಟ್, ಹೀಗೆ. ಲಿಸ್ಟ್‌ನ ತುದಿಯಲ್ಲಿ ಸೇರಿಸುವುದು ಬೇಗ, ತಲೆಯಲ್ಲಿ ಸೇರಿಸಿದರೆ ಉಳಿದದ್ದೆಲ್ಲ ಒಂದೊಂದು ಜಾಗ ಸರಿಯಬೇಕಾದ್ದರಿಂದ ನಿಧಾನ ಎನ್ನುವುದು ಆಮೇಲೆ, ಕ್ಯೂ ಬಗ್ಗೆ ಹೇಳುವಾಗ ಬರುತ್ತದೆ. ಲಿಸ್ಟ್ ಒಳಗೆ ಇರುವುದು ಆಬ್ಜೆಕ್ಟ್‌ಗಳಲ್ಲ, ಅವುಗಳ ರೆಫರೆನ್ಸ್‌ಗಳ (ಅವು ಎಲ್ಲಿವೆ ಎಂದು ತೋರಿಸುವ ಗುರುತುಗಳ) ಸಾಲು ಅನ್ನುವುದನ್ನು ಓದಲು ಎಫ್‌ಎಕ್ಯೂಗೇ, ಅಂದರೆ ಪ್ರಶ್ನೋತ್ತರಗಳ ಪುಟಕ್ಕೇ, ಹೋಗಬೇಕು. ಅಷ್ಟರಲ್ಲಿ ಹೊಸಬರು ಒಂದು ಸಾಲಿನ ಲಿಸ್ಟನ್ನು ಮೂರರಿಂದ ಗುಣಿಸಿ ಮೂರು ಸಾಲಿನ ಗ್ರಿಡ್ ಮಾಡಿರುತ್ತಾರೆ. ಒಂದು ಮನೆ ಬದಲಿಸಿದರೆ ಮೂರೂ ಸಾಲು ಬದಲಾಗುತ್ತವೆ, ಯಾಕೆಂದರೆ ಅಲ್ಲಿರುವುದು ಮೂರು ಸಲ ಅದೇ ಸಾಲು.

‘ಒಳಗಿನ ಕಥೆ ಡಾಕ್ಯುಮೆಂಟೇಶನ್‌ಗೆ ಯಾಕೆ, ನಾಳೆ ಬದಲಾಗಬಹುದು’ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. 2015ರಲ್ಲಿ ಬಂದ ಪಿಎಚ್‌ಪಿ 7 ಅರೇಯ ಒಳಗಿನ ಹ್ಯಾಶ್ ಟೇಬಲನ್ನೇ (ಕೀಯಿಂದ ವ್ಯಾಲ್ಯೂ ಬೇಗ ಹುಡುಕುವ ಒಳರಚನೆಯನ್ನೇ) ಹೊಸದಾಗಿ ಬರೆಯಿತು. ಮೆಮೊರಿ ಉಳಿಯಿತು, ವೇಗ ಹೆಚ್ಚಿತು. ಆರ್ಡರ್ಡ್ ಮ್ಯಾಪ್ ಅನ್ನುವ ಮಾತು ಮಾತ್ರ ಸುಳ್ಳಾಗಲಿಲ್ಲ. ಅದು ಒಳಗಿನ ಕಥೆಯೇ ಅಲ್ಲ, ಬಳಸುವವರ ಕಣ್ಣಿಗೆ ಬೀಳುವ ನಡವಳಿಕೆ.

ಪಿಎಚ್‌ಪಿ ಪುಟದ ಮೇಲೂ ನನ್ನದೊಂದು ತಕರಾರಿದೆ. ಒಂದು ಅರೇಯನ್ನು ಇನ್ನೊಂದು ವೇರಿಯಬಲ್‌ಗೆ ಹಾಕಿದರೆ ಅದು ಕಾಪಿ ಆಗುತ್ತದೆ. ಜಾವಾಸ್ಕ್ರಿಪ್ಟ್, ಪೈಥಾನ್‌ನಿಂದ ಬಂದವರಿಗೆ ಇದು ಪೂರಾ ಉಲ್ಟಾ, ಅಲ್ಲಿ ಎರಡು ಹೆಸರೂ ಅದೇ ಒಂದನ್ನು ತೋರಿಸುತ್ತವೆ. ಇಷ್ಟು ಮುಖ್ಯವಾದ ಮಾತನ್ನು ಉದಾಹರಣೆಗಳೆಲ್ಲ ಮುಗಿಯುತ್ತಾ ಬರುವ ಹೊತ್ತಿಗೆ, ಪುಟದ ಬುಡದ ಹತ್ತಿರ ಇಟ್ಟಿದ್ದಾರೆ. ಅಲ್ಲಿವರೆಗೆ ಸ್ಕ್ರೋಲ್ ಮಾಡುವವರು ಎಷ್ಟು ಜನ, ನೀವೇ ಹೇಳಿ.